ಒಲೆ ಕಟ್ಟಿದರೆ ಸಾಲದು



ಇವತ್ತಿನ ಮಾತು ಒಲೆಯ ಬಗ್ಗೆ. ಮೂರು ಕಲ್ಲು ಇಟ್ಟು ಉರಿ ಹಾಕುವ ಒಲೆಯಲ್ಲ. ಗೋಡೆಗೆ ಸೇರಿಸಿ ಮಣ್ಣಿನಿಂದಲೋ ಇಟ್ಟಿಗೆಯಿಂದಲೋ ಕಟ್ಟಿ, ಹೊಗೆ ಹೊರಗೆ ಹೋಗಲೆಂದು ಸೂರಿನಾಚೆಗೆ ಕೊಳವೆ ಹಾಯಿಸಿದ ಒಲೆ. ಕಾಸರಗೋಡು, ವಯನಾಡು, ತಾಳವಾಡಿ, ಹೊಸೂರಿನ ಪೇಟೆಗಳಲ್ಲಿ ಇದನ್ನು ಅಡುಪ್ಪು ಎನ್ನುತ್ತಾರೆ. ಆದವಾನಿ, ರಾಯದುರ್ಗ, ಮಡಕಶಿರಾದಲ್ಲಿ ಪೊಯ್ಯಿ. ಅಕ್ಕಲಕೋಟೆ, ಜತ್ತದಲ್ಲಿ ಚೂಲ್. ಪೇಟೆಯಿಂದ ಮನೆಗೆ ಬಂದರೆ ನಮಗೆಲ್ಲ ಅದು ಒಲೆಯೇ. ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಗೆ ಹೋಗುವ ಆ ಕೊಳವೆಯನ್ನು ಕೆಲವರು ಚಿಮಣಿ ಎನ್ನುತ್ತಾರೆ. ಆದರೆ ಬಡಗಣ ಸೀಮೆಯವರಿಗೆ ಚಿಮಣಿ ಎಂದರೆ ಎಣ್ಣೆಯ ಬುಡ್ಡಿ ನೆನಪಾಗುತ್ತದೆ. ಗೊಂದಲ ಬೇಡವೆಂದು ನಾನು ಹೊಗೆಕೊಳವೆ ಎಂದೇ ಹೇಳುತ್ತೇನೆ.

ಮನೆಮನೆಗೂ ಗ್ಯಾಸು ಬಂತಲ್ಲ, ಈಗ ಒಲೆಯ ಮಾತೇಕೆ ಎಂದು ನೀವು ಕೇಳಬಹುದು. ನಿಜ. 2016ರಲ್ಲಿ ಉಜ್ವಲ ಯೋಜನೆ ಶುರುವಾದ ಮೇಲೆ ಸಿಲಿಂಡರು ಇಲ್ಲದ ಹಳ್ಳಿ ಹುಡುಕುವುದು ಕಷ್ಟ. ಆದರೂ ನಿಮ್ಮ ಮನೆಯ ಒಲೆ ಆರಿದೆಯೇ? ಬಚ್ಚಲಿನ ಹಂಡೆಗೆ ಬೆಂಕಿ ಬೇಕು. ಜೋಳದ ರೊಟ್ಟಿಗೆ ಕಟ್ಟಿಗೆಯ ಉರಿಯೇ ಆಗಬೇಕೆನ್ನುವ ಮನೆಗಳು ಸೊಲ್ಲಾಪುರದ ಸುತ್ತ ಇನ್ನೂ ಉಂಟು. ದನಕ್ಕೆ ಹುರುಳಿ ಬೇಯಬೇಕು. ಮದುವೆ, ತಿಥಿ, ಜಾತ್ರೆ ಬಂದರೆ ದೊಡ್ಡ ಪಾತ್ರೆ ಒಲೆಗೇ ಏರುತ್ತದೆ. ತಿಂಗಳ ಕೊನೆಯಲ್ಲಿ ಸಿಲಿಂಡರು ಮುಗಿದರೆ ಕೈ ಹಿಡಿಯುವುದೂ ಅದೇ ಒಲೆ. ಗ್ಯಾಸು ಬಂದದ್ದರಿಂದ ಒಲೆ ಹೋಗಲಿಲ್ಲ. ಅದರ ಮೇಲಿನ ಕಣ್ಣು ಮಾತ್ರ ಹೋಯಿತು. ದಿನವೂ ಉರಿಯುತ್ತಿದ್ದಾಗ ದಿನವೂ ನೋಡುತ್ತಿದ್ದೆವು. ಈಗ ಬೇಕೆಂದಾಗ ಹೊತ್ತಿಸುತ್ತೇವೆ, ಬೇಡವೆಂದಾಗ ಮರೆಯುತ್ತೇವೆ. ಅಪಾಯ ಹುಟ್ಟುವುದು ಈ ಮರೆವಿನಲ್ಲಿ.

ಕೊಳವೆಯ ಒಲೆ ನಮ್ಮ ಹಳ್ಳಿಗಳಿಗೆ ಬಂದ ಬಗೆಯನ್ನು ಸ್ವಲ್ಪ ತಿಳಿಯೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ, ವಿಜ್ಞಾನವನ್ನು ಹಳ್ಳಿಗೆ ಒಯ್ಯಬೇಕೆಂಬ ಉದ್ದೇಶದಿಂದ, ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಒಂದು ವಿಭಾಗ ಹುಟ್ಟಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’ ಎಂದಾಗುತ್ತದೆ. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಹಳ್ಳಿಯ ಕೇಂದ್ರವಿತ್ತು. 1980ರ ದಶಕದ ಮೊದಲಲ್ಲಿ ಆ ವಿಭಾಗದವರು ಮೂರು ಪಾತ್ರೆ ಕೂರುವ ಒಲೆಯೊಂದನ್ನು ರೂಪಿಸಿದರು. ಅದೇ ಅಸ್ತ್ರ ಒಲೆ. ಸೌದೆಯ ಕೆಳಗೆ ಗಾಳಿ ಬರಲು ಕಂಬಿಯ ಜಾಲರಿ, ಬೆಂಕಿಗೆ ಸುತ್ತ ಮುಚ್ಚಿದ ಗೂಡು, ಮೂರು ಪಾತ್ರೆಗಳ ಕೆಳಗೆ ಹಾದು ಹೋಗುವ ಉರಿ, ಕೊನೆಗೆ ಹೊಗೆಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದಲ್ಲಿ ನೂರಕ್ಕೆ 10ರಿಂದ 15 ಪಾಲು ಮಾತ್ರ ಪಾತ್ರೆಗೆ ಸೇರಿದರೆ, ಈ ಒಲೆಯಲ್ಲಿ ಪ್ರಯೋಗಾಲಯದ ಅಳತೆಯಂತೆ ನೂರಕ್ಕೆ 40ರ ಆಸುಪಾಸು ಸೇರುತ್ತಿತ್ತು. ಅದೇ ದಶಕದಲ್ಲಿ ಕೇಂದ್ರ ಸರಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಹಾಕಿಕೊಂಡಿತು. 2002ರಲ್ಲಿ ಅದು ನಿಲ್ಲುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಹೆಚ್ಚು ಒಲೆಗಳನ್ನು ಕಟ್ಟಲಾಗಿತ್ತು.

ಕಟ್ಟಿದ್ದೇನೋ ಆಯಿತು. ಆಮೇಲೆ? ಒಡಿಶಾದ ಹಳ್ಳಿಗಳಲ್ಲಿ ಇಂಥದೇ ಕೊಳವೆಯ ಮಣ್ಣಿನ ಒಲೆಗಳನ್ನು ಕಟ್ಟಿಸಿದ ಮೇಲೆ ಏನಾಯಿತೆಂದು ರೀಮಾ ಹನ್ನಾ, ಎಸ್ತರ್ ಡುಫ್ಲೋ, ಮೈಕೇಲ್ ಗ್ರೀನ್‌ಸ್ಟೋನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಮನೆಮನೆಗೆ ಹೋಗಿ ನೋಡಿಸಿದರು. ಇವರಲ್ಲಿ ಡುಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಬಂತು. 2016ರಲ್ಲಿ ಅಚ್ಚಾದ ಆ ಅಧ್ಯಯನ ಹೇಳುವುದಿಷ್ಟು: ಮೊದಲನೆಯ ವರ್ಷ ಅಡುಗೆ ಮಾಡುವವರ ಎದೆಗೆ ಹೋಗುವ ಹೊಗೆ ಕಡಿಮೆಯಾಯಿತು. ಎರಡನೆಯ ವರ್ಷದ ಹೊತ್ತಿಗೆ ಆ ಲಾಭ ಕರಗಿತು. ಆರೋಗ್ಯದಲ್ಲಿ ಸುಧಾರಣೆ ಕಾಣಲಿಲ್ಲ. ಒಲೆಗಳನ್ನು ಸರಿಯಾಗಿ ಬಳಸಲಿಲ್ಲ, ದುರಸ್ತಿ ಮಾಡಲಿಲ್ಲ, ಬರಬರುತ್ತ ಬಳಸುವುದೇ ಕಡಿಮೆಯಾಯಿತು. ಯೋಚಿಸಿ ನೋಡಿ ತಾಯಂದಿರೇ. ಒಲೆಯ ವಿನ್ಯಾಸ ಒಳ್ಳೆಯದೇ ಇರಬಹುದು, ಕಟ್ಟಿದವರ ಮನಸ್ಸೂ ಒಳ್ಳೆಯದೇ. ಆದರೆ ನೋಡಿಕೊಳ್ಳದ ಒಲೆ ವರ್ಷ ಕಳೆಯುವುದರೊಳಗೆ ಮತ್ತೆ ಹಳೆಯ ಹೊಗೆಯ ಒಲೆಯೇ ಆಗುತ್ತದೆ.

ಇದು ಕಣ್ಣುರಿಯ ಮಾತು ಮಾತ್ರವಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೃದಯದ ಬೇನೆ, ಪಾರ್ಶ್ವವಾಯು, ದಮ್ಮು, ಮಕ್ಕಳ ನ್ಯುಮೋನಿಯಾ, ಇವೆಲ್ಲಕ್ಕೂ ಹೊಗೆಯ ನಂಟಿದೆ. ಒಲೆಯ ಮುಂದೆ ಕೂತ ತಾಯಿ, ಅವಳ ಮಡಿಲಿನ ಕೂಸು, ಇವರಿಬ್ಬರಿಗೇ ಹೆಚ್ಚಿನ ಪಾಲು.

ಹಾಗಾದರೆ ಒಲೆಯನ್ನು ನೋಡಿಕೊಳ್ಳುವುದು ತಪ್ಪುವುದೆಲ್ಲಿ? ದಿನವೂ ಒಲೆ ಸಾರಿಸುವ ಹೆಂಗಸರನ್ನು ಸೋಮಾರಿಗಳೆಂದು ಯಾರೂ ಹೇಳಲಾರರು. ಆದರೆ ಗಮನಿಸಿ: ಒಲೆ ಅಡುಗೆಮನೆಯದು, ಆದ್ದರಿಂದ ಹೆಂಗಸರ ಪಾಲು ಎಂದುಕೊಂಡಿದ್ದೇವೆ. ಸೂರು ಮನೆಯ ಮೇಲಿನದು, ಆದ್ದರಿಂದ ಗಂಡಸರ ಪಾಲು. ಹೊಗೆಕೊಳವೆಯ ಬುಡ ಒಲೆಯಲ್ಲಿದೆ, ತುದಿ ಸೂರಿನಾಚೆ ಇದೆ. ಹೆಂಗಸು ಮೇಲೆ ಹತ್ತುವುದಿಲ್ಲ, ಗಂಡಸು ಒಲೆಯ ಹತ್ತಿರ ಬಗ್ಗುವುದಿಲ್ಲ. ಕೊಳವೆ ಇಬ್ಬರಿಗೂ ಸೇರದೆ ನಡುವೆ ನಿಂತುಬಿಟ್ಟಿತು. ಎರಡರ ನಡುವೆ ಇರುವುದನ್ನು ಕೇಳುವವರಿಲ್ಲ ಎಂಬುದನ್ನು ಗಡಿಯ ಊರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಒಲೆಯ ಕಾಳಜಿಯಲ್ಲಿ ಮೊದಲ ಕೆಲಸ ಇದು: ಕೊಳವೆಗೆ ಮನೆಯಲ್ಲಿ ಒಬ್ಬ ಯಜಮಾನನನ್ನು ಗೊತ್ತುಮಾಡುವುದು.

ಕೊಳವೆ ಯಾಕಷ್ಟು ಮುಖ್ಯ? ಬಿಸಿ ಗಾಳಿ ಹಗುರ. ಅದು ಕೊಳವೆಯಲ್ಲಿ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಎಳೆತದಿಂದಲೇ ಸೌದೆ ಚೆನ್ನಾಗಿ ಉರಿಯುತ್ತದೆ, ಹೊಗೆ ಹೊರಗೆ ಹೋಗುತ್ತದೆ. ಹೊಗೆ ಎಂದರೇನು? ಪೂರ್ತಿ ಉರಿಯದೆ ಹೊರಟ ಸೌದೆಯೇ ಹೊಗೆ. ಅದರಲ್ಲಿ ಒಂದಷ್ಟು ಕೊಳವೆಯ ಒಳಗೋಡೆಗೆ ಮಸಿಯಾಗಿ ಅಂಟುತ್ತದೆ. ಈಗ ಒಂದು ಸಣ್ಣ ಲೆಕ್ಕ. ನಿಮ್ಮ ಕೊಳವೆ 4 ಅಂಗುಲ ಅಗಲದ್ದು ಎನ್ನಿ. ಒಳಗೆ ಸುತ್ತ ಅರ್ಧ ಅಂಗುಲ ಮಸಿ ಕಟ್ಟಿತು. ಉಳಿದ ಬಾಯಿ 3 ಅಂಗುಲ. ನಾಲ್ಕರಲ್ಲಿ ಒಂದು ತಾನೇ ಹೋಯಿತು ಎಂದು ತೋರುತ್ತದೆ. ಆದರೆ ಹೊಗೆ ಹಾಯುವ ಜಾಗವನ್ನು ಅಗಲವನ್ನು ಅಗಲದಿಂದ ಗುಣಿಸಿ ಹೋಲಿಸಬೇಕು. ನಾಲ್ಕು ನಾಲ್ಕಲಿ ಹದಿನಾರು, ಮೂರು ಮೂರಲಿ ಒಂಬತ್ತು. ಹದಿನಾರಾಣೆ ದಾರಿಯಲ್ಲಿ ಒಂಬತ್ತಾಣೆ ಮಾತ್ರ ಉಳಿಯಿತು! ಬೆರಳಗಲದ ಮಸಿಗೂ ಮುಂಚೆಯೇ ಅರ್ಧದ ಹತ್ತಿರ ದಾರಿ ಮುಚ್ಚಿತು. ಮಿಕ್ಕ ಹೊಗೆ ಎಲ್ಲಿಗೆ ಹೋಗಬೇಕು? ಒಲೆಯ ಬಾಯಿಂದ ನಿಮ್ಮ ಮುಖಕ್ಕೇ ಬರುತ್ತದೆ.

ಆದ್ದರಿಂದ ದಿನವೂ ಒಲೆ ಉರಿಯುವ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಕೊಳವೆ ತೆಗೆದು ನೋಡಬೇಕು. ತಾರೀಖು ನೆನಪಿಡುವುದು ಕಷ್ಟವಾದರೆ ಅಮಾವಾಸ್ಯೆ, ಹುಣ್ಣಿಮೆಯ ಲೆಕ್ಕ ಇಟ್ಟುಕೊಳ್ಳಿ. ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡದ ಊರುಗಳುಂಟು. ಗಂಡಸರು ಅಂದು ಮನೆಯ ಹತ್ತಿರವೇ ಇರುತ್ತಾರೆ. ಕೊಳವೆಯ ಕೆಲಸಕ್ಕೆ ಒಳ್ಳೆಯ ದಿನ. ಹಬ್ಬದ ಅಡುಗೆಯಿದ್ದರೆ ಹಿಂದಿನ ದಿನವೇ ಮುಗಿಸಿಕೊಳ್ಳಿ. ಅಪರೂಪಕ್ಕೆ ಒಲೆ ಹಚ್ಚುವ ಮನೆಯಲ್ಲಿ ಪ್ರತಿ ದೊಡ್ಡ ಅಡುಗೆಗೆ ಮೊದಲು, ಮತ್ತು ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿದರೆ ಸಾಕು.

ಮಾಡುವ ಬಗೆ ಹೀಗೆ. ಒಲೆ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ಆರಿಸಿ ಬೆಳಿಗ್ಗೆ ಕೈ ಹಾಕುವುದು ಲೇಸು. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ಒಲೆಯ ಬಾಯಿಗೂ ಪಾತ್ರೆಯ ಕುಳಿಗಳಿಗೂ ಗೋಣಿ ಮುಚ್ಚಿದರೆ ಮಸಿ ಮನೆಯೆಲ್ಲ ಹರಡುವುದಿಲ್ಲ. ಒಂದು ಗಟ್ಟಿ ಹಗ್ಗದ ನಡುವೆ ತೆಂಗಿನ ನಾರನ್ನು ಕೊಳವೆಯ ಅಗಲಕ್ಕೆ ತಕ್ಕಂತೆ ಉಂಡೆ ಕಟ್ಟಿ, ಹಗ್ಗದ ತುದಿಗೆ ಸಣ್ಣ ಕಲ್ಲು ಬಿಗಿಯಿರಿ. ಮೇಲಿನಿಂದ ಕಲ್ಲನ್ನು ಇಳಿಬಿಟ್ಟರೆ ಉಂಡೆ ಹಿಂದೆಯೇ ಇಳಿಯುತ್ತದೆ. ಮೇಲಕ್ಕೂ ಕೆಳಕ್ಕೂ ನಾಲ್ಕಾರು ಸಲ ಎಳೆದಾಡಿ. ಕೆಳಗೆ ಬಿದ್ದ ಮಸಿಯನ್ನು ಕೊಳವೆಯ ಬುಡದ ಕಿಂಡಿಯಿಂದ ತೆಗೆಯಿರಿ. ಆ ಕಿಂಡಿಯ ಮುಚ್ಚಳವನ್ನು ಮತ್ತೆ ಭದ್ರವಾಗಿ ಮುಚ್ಚುವುದನ್ನು ಮರೆಯಬೇಡಿ. ಅದು ತೆರೆದಿದ್ದರೆ ಎಳೆತವೇ ಹೋಗುತ್ತದೆ. ಇಷ್ಟಾದ ಮೇಲೆ ಪಾತ್ರೆಗಳ ತಳದ ಮಸಿಯನ್ನೂ ಕೆರೆಯಿರಿ. ಮಸಿ ಶಾಖವನ್ನು ತಡೆಯುತ್ತದೆ. ಕರಿ ಹಿಡಿದ ಪಾತ್ರೆಗೆ ಹೆಚ್ಚು ಸೌದೆ ಬೇಕು.

ಮೇಲೆ ಹತ್ತುವ ಮಾತು ಬಂತು. ಜತ್ತ, ಅಕ್ಕಲಕೋಟೆ, ಆದವಾನಿಯ ಮಣ್ಣಿನ ಮಾಳಿಗೆಯ ಮೇಲೆ ಓಡಾಡಬಹುದು. ಕಾಸರಗೋಡಿನ ಹಂಚಿನ ಮಾಡು ಹಾಗಲ್ಲ. ಮಳೆಯಲ್ಲಿ ಪಾಚಿ ಕಟ್ಟಿದ್ದರೆ ಕಾಲು ಜಾರುವುದು ಖಂಡಿತ. ಸಿಮೆಂಟು ಶೀಟಿನ ಮೇಲಂತೂ ನೇರವಾಗಿ ಕಾಲಿಡಲೇಬಾರದು. ನೋಡಲು ಗಟ್ಟಿ, ಭಾರ ಬಿದ್ದರೆ ಪಟ್ಟನೆ ಮುರಿಯುತ್ತದೆ. ಏಣಿ ಹಾಕಿ, ಕೆಳಗೆ ಒಬ್ಬರು ಹಿಡಿದಿರಲಿ, ಹಲಗೆಯ ಮೇಲೆ ನಿಲ್ಲಿ. ಹತ್ತಿರ ಕರೆಂಟಿನ ತಂತಿ ಹಾದಿದ್ದರೆ ಕಬ್ಬಿಣದ ಕೋಲು ಎತ್ತಬೇಡಿ. ಹಳೆಯ ಒಲೆಗಳಿಗೆ ಹಾಕಿದ ಸಿಮೆಂಟಿನ ಕೊಳವೆಗಳಲ್ಲಿ ಆಸ್‌ಬೆಸ್ಟಾಸ್ ನಾರು ಇರುತ್ತದೆ. ಕೊಳವೆ ಹಾಗೇ ಇದ್ದರೆ ಅಷ್ಟು ತೊಂದರೆಯಿಲ್ಲ. ಅದನ್ನು ಒಣಗಿದ್ದಂತೆಯೇ ಗರಗಸದಿಂದ ಕೊಯ್ದರೆ, ಒಡೆದರೆ, ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಮಸಿ ತೆಗೆಯುವಾಗಲೂ ಅಂಥ ಕೊಳವೆಯನ್ನು ಗಟ್ಟಿ ಕಬ್ಬಿಣದಿಂದ ಕೆರೆಯದೆ ನಾರಿನ ಉಂಡೆಯಿಂದಲೇ ಉಜ್ಜಿ. ಬದಲಿಸುವುದಾದರೆ ನೀರು ಚಿಮುಕಿಸಿ ಒದ್ದೆ ಮಾಡಿ, ಒಡೆಯದೆ ಇಳಿಸಿ, ಮಕ್ಕಳ ಕೈಗೆ ಸಿಗದ ಕಡೆ ಹೂತುಬಿಡಿ.

ಕೊಳವೆಯ ತುದಿ ಸೂರಿಗಿಂತ ಕನಿಷ್ಠ ಎರಡು ಅಡಿ ಮೇಲಿರಲಿ. ಅದರ ಮೇಲಿನ ಟೋಪಿಗೂ ಕೊಳವೆಯ ಬಾಯಿಗೂ ನಡುವೆ ಒಳ್ಳೆಯ ಅಂತರವಿರಲಿ. ಮಳೆ ಬರುತ್ತದೆಂದು ಟೋಪಿಯನ್ನು ಒತ್ತಿ ಕೂರಿಸಿದರೆ ಹೊಗೆಗೆ ದಾರಿ ಇಲ್ಲ. ಕೊಳವೆ ಸೂರನ್ನು ತೂರುವ ಜಾಗದಲ್ಲಿ ತೊಲೆ, ಜಂತಿ, ಪಕ್ಕಾಸು, ರೀಪು ಯಾವುದೂ ಅದಕ್ಕೆ ತಾಗಬಾರದು, ಒಂದು ಗೇಣಾದರೂ ದೂರವಿರಬೇಕು. ಹುಲ್ಲು, ಸೋಗೆಯ ಮಾಡಾದರೆ ಇನ್ನೂ ಎಚ್ಚರ. ಒಲೆಯ ಮೇಲಿನ ಅಟ್ಟದಲ್ಲಿ ಸೌದೆ, ತೆಂಗಿನ ಸಿಪ್ಪೆ ಒಣಗಲು ಇಡುವ ರೂಢಿ ಮಲೆಯ ಸೀಮೆಯಲ್ಲಿದೆ. ಅಟ್ಟದಿಂದ ಇಳಿಬಿದ್ದ ಇಲ್ಲಣಕ್ಕೆ ಒಂದು ಕಿಡಿ ಸಾಕು. ವಾರಕ್ಕೊಮ್ಮೆ ಇಲ್ಲಣ ಹೊಡೆಯಿರಿ.

ಇನ್ನು ದಿನದ ಕೆಲಸ, ಬೂದಿ. ಜಾಲರಿಯ ಕೆಳಗೆ ಬೂದಿ ತುಂಬಿದರೆ ಗಾಳಿ ಕಟ್ಟುತ್ತದೆ, ಒಲೆ ಹೊಗೆಯುತ್ತದೆ, ಜಾಲರಿಯ ಕಂಬಿಯೂ ಬೇಗ ಸುಟ್ಟು ಬಾಗುತ್ತದೆ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ತೆಗೆಯಿರಿ. ಕೈ ಹಾಕುವ ಮುನ್ನ ಕೋಲಿನಿಂದ ಒಮ್ಮೆ ತಡಕಿ. ತಣ್ಣನೆಯ ಒಲೆ ಚೇಳಿಗೂ ಹಾವಿಗೂ ಇಷ್ಟದ ಜಾಗ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಒಂದು ದಿನದವರೆಗೂ, ಅದಕ್ಕೂ ಹೆಚ್ಚು ಹೊತ್ತೂ ಜೀವ ಹಿಡಿದಿರುತ್ತದೆ. ಅದನ್ನು ಬುಟ್ಟಿಗೋ ಪ್ಲಾಸ್ಟಿಕ್ ಬಕೆಟ್ಟಿಗೋ ತುಂಬಿ ಹುಲ್ಲಿನ ಬಣವೆಯ ಪಕ್ಕ ಸುರಿಯಬಾರದು. ತಗಡಿನ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ಮಾರನೆಯ ದಿನ ಗಿಡಗಳ ಬುಡಕ್ಕೆ ಹಾಕಿ. ಪಾತ್ರೆ ತಿಕ್ಕಲೂ ಆಗುತ್ತದೆ.

ಮೂರನೆಯದು ಬಿರುಕು. ಬಿಸಿಗೂ ತಂಪಿಗೂ ಮಣ್ಣು ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಸಹಜ. ಪತ್ತೆ ಹಚ್ಚುವುದು ಸುಲಭ. ಒಲೆ ಉರಿಯುತ್ತಿರುವಾಗ ಒಂದು ಊದುಬತ್ತಿ ಹಚ್ಚಿ, ಕೊಳವೆಯ ಜೋಡಣೆಗಳ ಮೇಲೆ, ಒಲೆಯ ಮೂಲೆಗಳ ಮೇಲೆ, ಪಾತ್ರೆಯ ಅಂಚುಗಳ ಸುತ್ತ ನಿಧಾನ ಸರಿಸಿ. ಬತ್ತಿಯ ಹೊಗೆ ನೆಟ್ಟಗೆ ಏರಿದರೆ ಸರಿ. ಒಳಕ್ಕೆ ಎಳೆದುಕೊಂಡರೆ ಅಥವಾ ಹೊರಕ್ಕೆ ತಳ್ಳಿದರೆ ಅಲ್ಲಿ ಬಿರುಕಿದೆ. ತಣ್ಣಗಾದ ಮೇಲೆ ಸಡಿಲ ಮಣ್ಣನ್ನು ಕೆರೆದು, ಜಾಗವನ್ನು ನೀರಿನಿಂದ ಒದ್ದೆ ಮಾಡಿ, ಒಲೆ ಕಟ್ಟಿದ ಮಣ್ಣನ್ನೇ ಕಲಸಿ ಒಳಕ್ಕೆ ಒತ್ತಿ ತುಂಬಿ. ಒಣ ಬಿರುಕಿಗೆ ಹಸಿ ಮಣ್ಣು ಹಿಡಿಯುವುದಿಲ್ಲ. ಒದ್ದೆ ಮಾಡುವುದೇ ಗುಟ್ಟು. ಸೊಲ್ಲಾಪುರದ ಎರೆಮಣ್ಣು ಒಣಗಿದರೆ ತಾನೇ ಬಾಯಿಬಿಡುತ್ತದೆ. ಅದೊಂದನ್ನೇ ಬಳಸದೆ ಮರಳು, ಸಗಣಿ, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ. ಕಾಸರಗೋಡಿನಲ್ಲಿ ಮುರಕಲ್ಲಿನ ಕೆಂಪು ಮಣ್ಣಿಗೆ ಭತ್ತದ ಹೊಟ್ಟು ಸೇರಿಸಬಹುದು. ಬೆಂಕಿಯ ಗೂಡಿನ ಒಳಗಡೆ ಸಿಮೆಂಟು ಮೆತ್ತಬೇಡಿ. ಆ ಬಿಸಿಗೆ ಅದು ಒಡೆದು ಉದುರುತ್ತದೆ. ಮೆತ್ತಿದ ಕೂಡಲೇ ದೊಡ್ಡ ಉರಿ ಹಾಕಬಾರದು. ಒಳಗಿನ ನೀರು ಆವಿಯಾಗಿ ಮಣ್ಣನ್ನು ಸಿಡಿಸುತ್ತದೆ. ಎರಡು ದಿನ ಆರಲಿ, ಆಮೇಲೆ ಸಣ್ಣ ಉರಿಯಲ್ಲಿ ಹದ ಮಾಡಿ.

ನಾಲ್ಕನೆಯದು, ಒಲೆಯ ಅಳತೆ ಕೆಡಿಸಬೇಡಿ. ಕಟ್ಟಿದ ಒಲೆಯ ಕುಳಿಗಳು ಗೊತ್ತಾದ ಪಾತ್ರೆಗೆಂದೇ ಮಾಡಿದವು. ಪಾತ್ರೆ ಬದಲಾಯಿತು, ಸಣ್ಣದು ಕೂತಿತು, ಸುತ್ತ ಸಂದು ಉಳಿಯಿತು. ಹೊಗೆ ಅಲ್ಲಿಂದ ಎದ್ದಿತು. ಕುಳಿಗೆ ಹೊಂದುವ ಕಬ್ಬಿಣದ ಬಳೆಯೊಂದನ್ನು ಕಮ್ಮಾರನಿಂದ ಮಾಡಿಸಿ ಇಟ್ಟುಕೊಳ್ಳಿ. ಬಳಸದ ಕುಳಿಗೆ ಮುಚ್ಚಳ ಇರಲಿ, ಇಲ್ಲವೇ ನೀರು ತುಂಬಿದ ಪಾತ್ರೆ ಕೂರಿಸಿ; ಬಿಸಿನೀರು ಪುಕ್ಕಟೆ ಸಿಗುತ್ತದೆ. ಇನ್ನೊಂದು ತಪ್ಪು, ದಪ್ಪ ಕೊರಡು ತೂರಿಸಲೆಂದು ಒಲೆಯ ಬಾಯನ್ನೇ ಒಡೆದು ಅಗಲ ಮಾಡುವುದು. ಬಾಯಿ ಅಗಲವಾದಷ್ಟೂ ತಣ್ಣನೆಯ ಗಾಳಿ ಒಳನುಗ್ಗಿ ಉರಿಯನ್ನು ತಂಪು ಮಾಡುತ್ತದೆ. ಒಲೆ ಒಡೆಯುವ ಬದಲು ಸೌದೆ ಒಡೆಯಿರಿ. ಹೆಬ್ಬೆರಳಿನಿಂದ ಮುಂಗೈವರೆಗಿನ ದಪ್ಪ ಸಾಕು.

ಸೌದೆಯ ವಿಷಯ ಸೀಮೆಗೊಂದು ಬಗೆ. ಆಗತಾನೆ ಕಡಿದ ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರನ್ನು ಆವಿ ಮಾಡುವುದಕ್ಕೇ ಉರಿ ಸವೆಯುತ್ತದೆ, ಕೊಳವೆಯಲ್ಲಿ ಅಂಟು ಮಸಿ ಕಟ್ಟುತ್ತದೆ. ಮಳೆಯ ನಾಡಾದ ಕಾಸರಗೋಡು, ವಯನಾಡಿನವರು ಬೇಸಿಗೆಯಲ್ಲೇ ಸೌದೆ ಸೀಳಿ, ನೆಲ ತಾಗದಂತೆ, ಗಾಳಿಯಾಡುವಂತೆ ಅಡಕಬೇಕು. ಗೇರುಬೀಜದ ಸಿಪ್ಪೆ ಧಗಧಗ ಉರಿಯುತ್ತದೆ ಎಂದು ಒಲೆಗೆ ಹಾಕುವವರುಂಟು. ಅದರ ಎಣ್ಣೆ ಚರ್ಮ ಸುಡುವಂಥದು, ಹೊಗೆ ಕಣ್ಣಿಗೂ ಎದೆಗೂ ಕೆಟ್ಟದ್ದು. ಅಡುಗೆಯ ಒಲೆಗೆ ಬೇಡ. ರಾಯದುರ್ಗ, ಆದವಾನಿಯ ಬಯಲಿನಲ್ಲಿ ಬಳ್ಳಾರಿ ಜಾಲಿ ಗಟ್ಟಿ ಸೌದೆ, ಚೆನ್ನಾಗಿ ಕೆಂಡ ಹಿಡಿಯುತ್ತದೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಭುಗ್ಗೆಂದು ಉರಿದು ಕಿಡಿ ಹಾರಿಸುತ್ತವೆ. ಸ್ವಲ್ಪ ಸ್ವಲ್ಪವೇ ಹಾಕಿ, ಮುಂದೆ ಕೂತಿರಿ. ಕಣಗಿಲೆ ವಿಷದ ಗಿಡ, ಅದರ ಹೊಗೆಯೂ ವಿಷ. ಪ್ಲಾಸ್ಟಿಕ್, ಟೈರಿನ ತುಂಡು, ಬಣ್ಣ ಬಳಿದ ಮರ ಯಾವುದನ್ನೂ ಒಲೆಗೆ ಹಾಕಬೇಡಿ. ಉರಿ ಹತ್ತಲಿಲ್ಲವೆಂದು ಸೀಮೆಎಣ್ಣೆ ಸುರಿಯಬೇಡಿ. ಕೆಂಡದ ಮೇಲೆ ಬಿದ್ದ ಎಣ್ಣೆ ಆವಿಯಾಗಿ ಒಮ್ಮೆಲೇ ಮುಖಕ್ಕೆ ಹೊಡೆಯುತ್ತದೆ.

ಎಷ್ಟೇ ಎಚ್ಚರವಿದ್ದರೂ ಒಂದು ದಿನ ಕೊಳವೆಯೊಳಗಿನ ಮಸಿಗೇ ಬೆಂಕಿ ಹತ್ತಬಹುದು. ಗೊತ್ತಾಗುವುದು ಹೇಗೆ? ಕೊಳವೆಯಿಂದ ಗಾಳಿ ಬೀಸಿದಂತೆ ಭೋರೆಂಬ ಸದ್ದು, ತುದಿಯಲ್ಲಿ ಕಿಡಿ, ಉರಿ. ಆಗ ಕೊಳವೆಗೆ ನೀರು ಸುರಿಯಬಾರದು. ಕಾದ ಕೊಳವೆ ಸೀಳಿ ಬೆಂಕಿ ಹೊರಬರುತ್ತದೆ. ಒಲೆಯ ಬಾಯಿ, ಬೂದಿಯ ಕಿಂಡಿ, ಗಾಳಿಯ ದಾರಿ ಎಲ್ಲವನ್ನೂ ಒದ್ದೆ ಗೋಣಿಯಿಂದ ಮುಚ್ಚಿ. ಗಾಳಿ ಸಿಗದಿದ್ದರೆ ಬೆಂಕಿ ತಣಿಯುತ್ತದೆ. ಮಕ್ಕಳು, ಮುದುಕರು, ಕೊಟ್ಟಿಗೆಯ ದನ ಮೊದಲು ಹೊರಗೆ ಬರಲಿ. ಮಾಡಿಗೆ ಉರಿ ತಾಗಿದರೆ ನಿಂತು ನೋಡಬೇಡಿ. ಅಗ್ನಿಶಾಮಕ ದಳಕ್ಕೆ 101, ಎಲ್ಲ ತುರ್ತಿಗೂ 112. ನೀವು ಯಾವ ರಾಜ್ಯದಲ್ಲಿದ್ದರೂ ಈ ಸಂಖ್ಯೆಗಳು ಇವೇ. ಆ ಕಡೆಯವರು ಯಾವ ಭಾಷೆಯಲ್ಲಿ ಮಾತಾಡಿದರೂ ಊರಿನ ಹೆಸರು, ದಾರಿಯ ಗುರುತು ಎರಡನ್ನೂ ಸ್ಪಷ್ಟವಾಗಿ ಹೇಳಲು ಮನೆಯ ಮಕ್ಕಳಿಗೆ ಕಲಿಸಿಡಿ.

ಮೈ ಸುಟ್ಟರೆ, ತಣ್ಣೀರಿನ ಧಾರೆಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಯುವುದೇ ಮೊದಲ ಮದ್ದು. ಶಾಯಿ, ಹಲ್ಲಿನ ಪೇಸ್ಟು, ಬೂದಿ, ಅರಿಸಿನ ಯಾವುದನ್ನೂ ಹಚ್ಚದೆ ಆಸ್ಪತ್ರೆಗೆ ಹೋಗಿ. ಒಲೆಯ ಮುಂದೆ ನೈಲಾನು ಸೀರೆಗಿಂತ ಹತ್ತಿಯ ಸೀರೆ ಮೇಲು. ಸೆರಗು ಸೊಂಟಕ್ಕೆ ಸಿಕ್ಕಿಸಿರಲಿ.

ಕಣ್ಣಿಗೆ ಕಾಣದ ಅಪಾಯವೊಂದಿದೆ. ಹೊಗೆ ಆಡದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀಲಗಿರಿಯ ಚಳಿಗೆ, ತಾಳವಾಡಿಯ ಮಾರ್ಗಶಿರದ ಚಳಿಗೆ, ಬಾಗಿಲು ಕಿಟಕಿ ಮುಚ್ಚಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದು ಪ್ರಾಣಕ್ಕೇ ಎರವು. ಒಲೆ ಉರಿಯುವ ಕೋಣೆಯಲ್ಲಿ ಒಂದು ಕಿಟಕಿ ಸದಾ ತೆರೆದಿರಲಿ. ಕೆಂಡ ಇರುವಾಗ ಕೊಳವೆಯನ್ನು ಮುಚ್ಚಬೇಡಿ. ತಲೆನೋವು, ತಲೆಸುತ್ತು, ವಾಕರಿಕೆ ಮನೆಯ ಇಬ್ಬರು ಮೂವರಿಗೆ ಒಟ್ಟಿಗೇ ಬಂದರೆ ಊಟದ ದೋಷವೆಂದು ಕೂರದೆ ಎಲ್ಲರನ್ನೂ ಬಯಲಿಗೆ ಕರೆತನ್ನಿ, ಕೂಡಲೇ ವೈದ್ಯರಿಗೆ ತೋರಿಸಿ.

ಒಲೆ, ಗ್ಯಾಸು ಎರಡೂ ಇರುವ ಮನೆಯವರಿಗೆ ಕೊನೆಯ ಮಾತು. ಸಿಲಿಂಡರು ಮತ್ತು ಸೌದೆಯ ಒಲೆ ಒಂದೇ ಕೋಣೆಯಲ್ಲಿ ಬೇಡ. ಅಡುಗೆಯ ಅನಿಲ ಗಾಳಿಗಿಂತ ಭಾರ; ಸೋರಿದರೆ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ನಮ್ಮ ಸೌದೆಯ ಒಲೆ ಇರುವುದೂ ನೆಲದ ಮಟ್ಟದಲ್ಲೇ ಅಲ್ಲವೇ? ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ರೆಗ್ಯುಲೇಟರು ಆರಿಸಿ, ಬಾಗಿಲು ತೆರೆಯಿರಿ. ಸೌದೆಯ ಒಲೆಯಲ್ಲಿ ಕೆಂಡವಿದ್ದರೆ ಅದರ ಹತ್ತಿರ ಹೋಗದೆ ಎಲ್ಲರೂ ಹೊರಗೆ ಬನ್ನಿ, 1906ಕ್ಕೆ ಫೋನು ಮಾಡಿ.

ಹೇಳಿದ್ದೆಲ್ಲವನ್ನೂ ಕೂಡಿಸಿದರೆ ಇಷ್ಟು. ದಿನಕ್ಕೊಮ್ಮೆ ಬೂದಿ, ವಾರಕ್ಕೊಮ್ಮೆ ಇಲ್ಲಣ ಮತ್ತು ಬಿರುಕು, ಹದಿನೈದು ದಿನಕ್ಕೊಮ್ಮೆ ಕೊಳವೆ, ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಟೋಪಿ, ಜಾಲರಿ, ಸೂರಿನ ಸಂದು. ಖರ್ಚು ಎಂದರೆ ಒಂದು ಹಗ್ಗ, ಒಂದು ಹಿಡಿ ತೆಂಗಿನ ನಾರು, ಒಂದು ಗಂಟೆಯ ಹೊತ್ತು. ಇದರಲ್ಲಿ ಒಂದೂ ಹೊಸ ವಿದ್ಯೆಯಲ್ಲ. ಯಾರು ಮಾಡಬೇಕೆಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಇಂದು ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಾಗ ಅದನ್ನು ತೀರ್ಮಾನಿಸಿ. ಬೂದಿ ಯಾರು, ಬಿರುಕು ಯಾರು, ಏಣಿ ಹಿಡಿಯುವವರು ಯಾರು, ಹತ್ತುವವರು ಯಾರು. ಮಗನಾದರೂ ಸರಿ, ಅಳಿಯನಾದರೂ ಸರಿ, ಕೊಳವೆಗೆ ಒಂದು ಹೆಸರು ಬೇಕು. ಮುಂದಿನ ಅಮಾವಾಸ್ಯೆಗೆ ಆ ಹೆಸರಿನವರು ಹಗ್ಗ ಹಿಡಿದು ನಿಂತರೆ ನಮ್ಮ ಈ ಮಾತು ಸಾರ್ಥಕ.